ಕೆರಟೋಕೋನಸ್‌ಗೆ ಸ್ಕ್ಲೆರಲ್ ಲೆನ್ಸ್: ಮೊದಲ ಒಂದೂವರೆ ತಿಂಗಳು ದಾಟುವ ಬಗೆ

"ಲೆನ್ಸ್ ತಂದು ಹತ್ತು ದಿನ ಆಯ್ತು. ಬೆಳಿಗ್ಗೆ ಹಾಕಿಕೊಳ್ಳೋಕೇ ಮುಕ್ಕಾಲು ಗಂಟೆ ಬೇಕು. ಹಾಕಿದ ಮೇಲೂ ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮಂಜು ಮಂಜು. ವಾಪಸ್ ಕೊಟ್ಟುಬಿಡಲಾ?"

ಕೆರಟೋಕೋನಸ್ ಎಂಬ ಕಣ್ಣಿನ ರೋಗಕ್ಕೆ ಸ್ಕ್ಲೆರಲ್ ಎಂಬ ದೊಡ್ಡ ಗಟ್ಟಿ ಲೆನ್ಸನ್ನು ಹೊಸದಾಗಿ ತಂದವರು ನನಗೆ ಬರೆಯುವ ಮಾತು ಬೇರೆ ಬೇರೆ ಇರುತ್ತದೆ, ಕೇಳುವ ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಒಂಬತ್ತು ವರ್ಷದಿಂದ ಎರಡೂ ಕಣ್ಣಿಗೆ ಈ ಲೆನ್ಸ್ ಹಾಕುತ್ತಿರುವವನು, ಅಷ್ಟೇ. ನಿಮ್ಮ ವೈದ್ಯರು ಹೇಳಿದ್ದಕ್ಕೂ ಇಲ್ಲಿ ಬರೆದಿದ್ದಕ್ಕೂ ತಾಳೆಯಾಗದಿದ್ದರೆ ಅವರ ಮಾತನ್ನೇ ಹಿಡಿಯಿರಿ. ನಾನು ಕಂಡಂತೆ, ಲೆನ್ಸ್ ಬಿಟ್ಟವರಲ್ಲಿ ಹೆಚ್ಚಿನವರು ಮೂರು ವಾರದೊಳಗೇ ಬಿಟ್ಟಿದ್ದಾರೆ, ಅದೂ ಕಣ್ಣಿಗೆ ಒಗ್ಗದೆ ಅಲ್ಲ, ಕೈಗೆ ಒಗ್ಗದೆ. ಕೈ ಪಳಗುವವರೆಗೆ ವಾಪಸ್ ಕೊಡುವ ಯೋಚನೆ ಬೇಡ.

ಕಣ್ಣಿನಲ್ಲಿ ಆಗಿರುವುದೇನು

ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಅನ್ನುತ್ತಾರೆ. ಆರೋಗ್ಯವಂತ ಕಣ್ಣಿನಲ್ಲಿ ಇದರ ನಡುಭಾಗ ಅರ್ಧ ಮಿಲಿಮೀಟರ್‌ಗಿಂತ ತುಸು ದಪ್ಪ. ಕೆರಟೋಕೋನಸ್ ಇದ್ದವರಲ್ಲಿ ಅದು ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರು. ಆರು ತಿಂಗಳಿಗೊಮ್ಮೆ ಕನ್ನಡಕದ ನಂಬರ್ ಬದಲಾಗುತ್ತದೆ. ರಾತ್ರಿ ಒಂದು ಬೀದಿದೀಪ ಮೂರಾಗಿ ಕಾಣುತ್ತದೆ, ಬಸ್ಸಿನ ಬೋರ್ಡಿನ ಅಕ್ಷರಗಳಿಗೆ ಬಾಲ ಬೆಳೆದಿರುತ್ತದೆ.

ಕನ್ನಡಕ ಸರಿಮಾಡಬಲ್ಲದ್ದು ಕ್ರಮವಾದ ಬಾಗುವಿಕೆಯನ್ನು. ಇಲ್ಲಿರುವುದು ಅಂಕುಡೊಂಕು. ಮೆತ್ತನೆಯ ಸಾಮಾನ್ಯ ಕಾಂಟ್ಯಾಕ್ಟ್ ಲೆನ್ಸ್ ಒದ್ದೆ ಬಟ್ಟೆಯ ಹಾಗೆ ಆ ಡೊಂಕಿನ ಮೇಲೇ ಅಂಟಿಕೊಂಡು ತಾನೂ ಡೊಂಕಾಗುತ್ತದೆ. ಗಟ್ಟಿ ಲೆನ್ಸ್ ಕೆಲಸ ಮಾಡುವ ಬಗೆಯನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭ: ಗುಂಡಿ ಬಿದ್ದ ರಸ್ತೆಯಲ್ಲಿ ಮಳೆನೀರು ನಿಂತಾಗ ಮೇಲ್ಮೈ ಮಟ್ಟಸವಾಗಿ ಕಾಣುತ್ತದಲ್ಲ, ಹಾಗೆ. ಲೆನ್ಸ್ ಮತ್ತು ಕಾರ್ನಿಯಾದ ನಡುವೆ ನಿಂತ ದ್ರವ ತಗ್ಗುದಿಣ್ಣೆಗಳನ್ನು ಮುಚ್ಚಿ, ಬೆಳಕಿಗೆ ಒಂದು ನಯವಾದ ಮೇಲ್ಮೈ ಕೊಡುತ್ತದೆ.

ಗಟ್ಟಿ ಲೆನ್ಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಆರ್‌ಜಿಪಿ, ಅಂದರೆ ಆಮ್ಲಜನಕ ಹಾಯಲು ಬಿಡುವ ಗಟ್ಟಿ ಲೆನ್ಸ್, ಸುಮಾರು 9–10 ಮಿಲಿಮೀಟರ್ ಅಗಲ. ಇದು ಕಾರ್ನಿಯಾದ ಮೇಲೇ ಕೂರುತ್ತದೆ. ನಿಮ್ಮ ಚೀಟಿಯಲ್ಲಿ ರೋಸ್ ಕೆ ಎಂದು ಬರೆದಿದ್ದರೆ ಅದು ಇದೇ ರೋಗಕ್ಕೆಂದು ರೂಪಿಸಿದ ಆರ್‌ಜಿಪಿ ವಿನ್ಯಾಸದ ಹೆಸರು. ಸ್ಕ್ಲೆರಲ್ ಲೆನ್ಸ್ ಇನ್ನೂ ದೊಡ್ಡದು, ಸಾಮಾನ್ಯವಾಗಿ 15 ಮಿಲಿಮೀಟರ್‌ನಿಂದ ಮೇಲೆ. ಕಾರ್ನಿಯಾವನ್ನು ಮುಟ್ಟದೆ ಅದರ ಮೇಲೆ ಕಮಾನಿನಂತೆ ನಿಂತು, ಅಂಚನ್ನು ಕಣ್ಣಿನ ಬಿಳಿಭಾಗದ ಮೇಲೆ ಊರುತ್ತದೆ. ನೋಡಿದ ಕೂಡಲೇ "ಇಷ್ಟು ದೊಡ್ಡದನ್ನ ಕಣ್ಣಿಗೆ ಹಾಕೋದಾ!" ಎಂದು ಎದೆ ಝಲ್ಲೆನ್ನುತ್ತದೆ. ಆದರೆ ಹಾಕಿದ ಮೇಲೆ ಇದೇ ಹೆಚ್ಚು ಆರಾಮ, ಏಕೆಂದರೆ ಬಿಳಿಭಾಗಕ್ಕೆ ಕಾರ್ನಿಯಾದಷ್ಟು ಸೂಕ್ಷ್ಮ ಸಂವೇದನೆ ಇಲ್ಲ. ಆರ್‌ಜಿಪಿಯಲ್ಲಿ ರೆಪ್ಪೆ ಬಡಿದಾಗೆಲ್ಲ ಅಂಚು ತಾಗಿ ಕಣ್ಣಲ್ಲಿ ರೆಪ್ಪೆಗೂದಲು ಬಿದ್ದಂತೆ ಎರಡು ಮೂರು ವಾರ ಕಾಡುತ್ತದೆ. ಹಾಗಂತ ಆರ್‌ಜಿಪಿ ಕೀಳಲ್ಲ. ರೋಗ ಅಷ್ಟೇನೂ ಮುಂದುವರಿಯದವರಿಗೆ ಅದರಲ್ಲೇ ಚೆನ್ನಾಗಿ ಕಾಣುತ್ತದೆ, ಖರ್ಚೂ ಬಹಳ ಕಡಿಮೆ. ಈ ಬರಹ ಮುಖ್ಯವಾಗಿ ಸ್ಕ್ಲೆರಲ್ ಬಗ್ಗೆ.

ದುಡ್ಡು ಕಟ್ಟುವ ಮೊದಲು

ಒಂದು ಮಾತು ಎಷ್ಟು ಸಲ ಹೇಳಿದರೂ ಜನಕ್ಕೆ ನಾಟುವುದಿಲ್ಲ: ಲೆನ್ಸ್ ನೋಟವನ್ನು ಸರಿಮಾಡುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಕ್ರಾಸ್‌ಲಿಂಕಿಂಗ್. ನಮ್ಮ ಆಸ್ಪತ್ರೆಗಳಲ್ಲಿ ಸಿ3ಆರ್ ಅನ್ನುತ್ತಾರಲ್ಲ, ಅದೇ. ಕಾರ್ನಿಯಾಕ್ಕೆ ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಹನಿ ಹಾಕುತ್ತಾ ನೆನೆಸಿ, ಮೇಲೆ ಅಳತೆಮಾಡಿದ ನೇರಳಾತೀತ ಬೆಳಕು ಹಾಯಿಸಿದರೆ ಒಳಗಿನ ಎಳೆಗಳ ನಡುವೆ ಹೊಸ ಬೆಸುಗೆ ಬಿದ್ದು ಅದು ಗಟ್ಟಿಯಾಗುತ್ತದೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ ರೂಪುಗೊಂಡ ಮೂಲ ವಿಧಾನದಲ್ಲಿ ಹನಿಗೆ 30 ನಿಮಿಷ, ಬೆಳಕಿಗೆ 30 ನಿಮಿಷ. ಈಗ ಇದಕ್ಕಿಂತ ಬೇಗ ಮುಗಿಸುವ ವಿಧಾನಗಳೂ ಇವೆ. ಎಲ್ಲರಿಗೂ ಇದು ಬೇಕಿಲ್ಲ. ರೋಗ ಮುಂದುವರಿಯುತ್ತಿದೆಯೇ ಎಂಬುದನ್ನು ಕಾರ್ನಿಯಾದ ಉಬ್ಬುತಗ್ಗುಗಳ ಬಣ್ಣದ ನಕ್ಷೆ, ಅಂದರೆ ಟೋಪೋಗ್ರಫಿ ತೆಗೆದು ಹಿಂದಿನದರ ಜೊತೆ ಹೋಲಿಸಿ ನಿರ್ಧರಿಸುತ್ತಾರೆ. ಆದ್ದರಿಂದ ಹಳೆಯ ನಕ್ಷೆ ಒಂದನ್ನೂ ಎಸೆಯಬೇಡಿ. ಸಿ3ಆರ್ ಆಗಿದ್ದರೆ ಮತ್ತೆ ಲೆನ್ಸ್ ಯಾವಾಗ ಎಂಬುದನ್ನು ಅದನ್ನು ಮಾಡಿದ ವೈದ್ಯರೇ ಹೇಳಬೇಕು.

ಇನ್ನು ಕಣ್ಣುಜ್ಜುವುದು. ಕೆರಟೋಕೋನಸ್ ಇರುವವರು ಕಣ್ಣು ಉಜ್ಜಲೇಬಾರದು. ಮುಷ್ಟಿಯ ಗೆಣ್ಣಿನಿಂದ ಗಸಗಸ ಉಜ್ಜುವ ಅಭ್ಯಾಸವಿದ್ದರೆ ಇವತ್ತೇ ಕೊನೆ. ತುರಿಕೆಗೆ ಕಾರಣ ಅಲರ್ಜಿಯಾದರೆ ಮೊದಲು ಅದಕ್ಕೆ ಹನಿ ಬರೆಸಿಕೊಳ್ಳಿ. ನಮ್ಮೂರಿನ ಧೂಳು, ಪರಾಗ, ಪಾರ್ಥೇನಿಯಂ ನಡುವೆ ಅಲರ್ಜಿ ಬಿಟ್ಟು ಲೆನ್ಸ್ ಒಂದನ್ನೇ ನೋಡಿಕೊಂಡರೆ ಅದು ಸೋರುವ ಮಾಳಿಗೆಗೆ ಸುಣ್ಣ ಬಳಿದಂತೆ.

ಎಲ್ಲಿ ಮಾಡಿಸುವುದು? ರೋಗಪತ್ತೆ ಮತ್ತು ಸಲಹೆಗೆ ಕೆ.ಆರ್. ಮಾರುಕಟ್ಟೆ ಹತ್ತಿರದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ನಗರದ ದೊಡ್ಡ ಖಾಸಗಿ ಕಣ್ಣಾಸ್ಪತ್ರೆಗಳಲ್ಲಿ ಕಾರ್ನಿಯಾ ವಿಭಾಗದ ಜೊತೆಗೆ ಲೆನ್ಸ್ ಕ್ಲಿನಿಕ್ ಕೂಡ ಇರುತ್ತದೆ. ಎಲ್ಲೇ ಹೋದರೂ ಈ ಮೂರನ್ನು ಕೇಳಿ: ನಿಮ್ಮಲ್ಲಿ ಸ್ಕ್ಲೆರಲ್ ಟ್ರಯಲ್ ಸೆಟ್, ಅಂದರೆ ಅಳತೆಗೆಂದು ಕಣ್ಣಿಗೆ ಹಾಕಿ ನೋಡುವ ಲೆನ್ಸುಗಳು, ಇದೆಯೇ? ಲೆನ್ಸ್ ಸರಿಯಾಗಿ ಕೂರದಿದ್ದರೆ ಎಷ್ಟು ಸಲ ಹೊಸದಾಗಿ ಮಾಡಿಸಿಕೊಡುತ್ತೀರಿ? ಮುಂದಿನ ಭೇಟಿಗಳ ಫೀಸು ಇದರಲ್ಲೇ ಸೇರಿದೆಯೇ? ಟ್ರಯಲ್ ಸೆಟ್ ಇಲ್ಲದೆ ನಂಬರ್ ನೋಡಿ ಆರ್ಡರ್ ಹಾಕುತ್ತೇವೆ ಅನ್ನುವವರ ಹತ್ತಿರ ನಿಲ್ಲಬೇಡಿ. ನನ್ನ ಮೊದಲ ಜೊತೆಯನ್ನು ಹಾಗೇ ತಂದು, ಒಂದು ತಿಂಗಳಲ್ಲಿ ಡ್ರಾಯರ್ ಸೇರಿಸಿದೆ.

ಬೇಕಾಗುವ ಸಾಮಾನು

ಪ್ರಿಸರ್ವೇಟಿವ್ ಇಲ್ಲದ, ಅಂದರೆ ಕೆಡದಂತೆ ಇಡುವ ರಾಸಾಯನಿಕ ಬೆರೆಸದ, ಶೇ 0.9ರ ಸ್ಟೆರೈಲ್ (ರೋಗಾಣು ಇಲ್ಲದ) ಸಲೈನ್, ಅಂದರೆ ಉಪ್ಪುನೀರು, ಮೊದಲು ಬೇಕು. ಕಣ್ಣಿಗೆ ಹಾಕುವ ಮುಂಚೆ ಬಟ್ಟಲಿನಂತಿರುವ ಲೆನ್ಸಿನೊಳಗೆ ತುಂಬುವುದು ಇದನ್ನು, ಇದನ್ನು ಮಾತ್ರ. ಸಣ್ಣ ಪ್ಲಾಸ್ಟಿಕ್ ಸೀಸೆಗಳಲ್ಲಿ, ಒಂದು ಸಲಕ್ಕೆ ಒಂದು ಮುರಿದು ಬಳಸುವಂಥದ್ದು ಸಿಗುತ್ತದೆ. ಅದೇ ಒಳ್ಳೆಯದು. ದುಡ್ಡು ಉಳಿಸಲು ದೊಡ್ಡ ಬಾಟಲಿ ತಂದು ವಾರಗಟ್ಟಲೆ ಬಳಸುವವರಿದ್ದಾರೆ. ತೆರೆದ ಗಳಿಗೆಯಿಂದಲೇ ಅದು ಸ್ಟೆರೈಲ್ ಅಲ್ಲ.

ತೊಳೆಯಲು, ನೆನೆಸಲು ಬೇರೆ ದ್ರಾವಣ. ಒಂದೋ ಗಟ್ಟಿ ಲೆನ್ಸಿನ ಮಲ್ಟಿಪರ್ಪಸ್ ಸೊಲ್ಯೂಷನ್, ಇಲ್ಲವೇ ಹೈಡ್ರೋಜನ್ ಪೆರಾಕ್ಸೈಡ್. ಇವನ್ನು ಬಟ್ಟಲಿಗೆ ತುಂಬಿ ಕಣ್ಣಿಗೆ ಹಾಕುವಂತಿಲ್ಲ. ಹೊಸಬರು ಎಡವುವುದೇ ಇಲ್ಲಿ. ಸ್ಕ್ಲೆರಲ್ ಲೆನ್ಸಿನ ಒಳಗಿನ ದ್ರವ ದಿನವಿಡೀ ಕಾರ್ನಿಯಾಕ್ಕೆ ಅಂಟಿಕೊಂಡೇ ಇರುತ್ತದೆ, ಕಣ್ಣೀರಿನ ಹಾಗೆ ಹರಿದು ಹೋಗುವುದಿಲ್ಲ.

ಎರಡು ಪ್ಲಂಜರ್ ಬೇಕು. ಪ್ಲಂಜರ್ ಎಂದರೆ ತುದಿಯಲ್ಲಿ ಬಟ್ಟಲಿನಂಥ ರಬ್ಬರ್ ಇರುವ ಪುಟ್ಟ ಕಡ್ಡಿ. ದೊಡ್ಡದು ಹಾಕಲು, ಚಿಕ್ಕದು ತೆಗೆಯಲು. ಚಿಕ್ಕದು ಇನ್ನೊಂದು ಸದಾ ಬ್ಯಾಗಿನಲ್ಲಿರಲಿ. ಮೇಜಿನ ಮೇಲೆ ಮಲಗಿಸಿಡಬಹುದಾದ ಕನ್ನಡಿ, ಎಳೆ ಬಿಡದ ಬಟ್ಟೆ, ಪ್ರಿಸರ್ವೇಟಿವ್ ಇಲ್ಲದ ಕಣ್ಣೀರು ಹನಿ (ಕಣ್ಣು ಒಣಗದಂತೆ ಹಾಕುವ ಕೃತಕ ಕಣ್ಣೀರು), ಲೆನ್ಸ್ ಡಬ್ಬಿ. ಮತ್ತೆ ಒಂದು ಕನ್ನಡಕ. ಅದರಲ್ಲಿ ಪೂರ್ತಿ ಕಾಣದಿದ್ದರೂ, ಲೆನ್ಸ್ ಹಾಕಲಾಗದ ದಿನ ಅಡುಗೆಮನೆಯಿಂದ ಬಾಗಿಲವರೆಗೆ ನಡೆಯಲಾದರೂ ಬೇಕಲ್ಲ.

ಹಂತ 1: ಕ್ಲಿನಿಕ್ಕಿನಲ್ಲಿ

ಟ್ರಯಲ್ ಲೆನ್ಸ್ ಹಾಕಿ ಅರ್ಧ ಗಂಟೆಯಿಂದ ಕೆಲವು ಗಂಟೆ ಕೂರಿಸುತ್ತಾರೆ. ಹೊತ್ತು ಕಳೆದಂತೆ ಲೆನ್ಸ್ ಬಿಳಿಭಾಗದೊಳಗೆ ತುಸು ಇಳಿಯುತ್ತದೆ. ಇಳಿದ ಮೇಲೂ ಕಾರ್ನಿಯಾ ಮತ್ತು ಲೆನ್ಸಿನ ನಡುವೆ ಅಂತರ ಉಳಿದಿದೆಯೇ ಎಂದು ನೋಡಬೇಕಾಗಿರುವುದರಿಂದ ಈ ಕಾಯುವಿಕೆ. ಅಂತರ ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ ಇರುತ್ತದೆ. ಅಂದು ರಜೆ ಹಾಕಿಯೇ ಹೋಗಿ. ಅವಸರದಲ್ಲಿ ಎದ್ದು ಬಂದರೆ ಅಳತೆ ತಪ್ಪುತ್ತದೆ.

ಲೆನ್ಸ್ ತಯಾರಾಗಿ ಬಂದ ದಿನ, ನಿಮ್ಮ ಕೈಯಿಂದಲೇ ಮೂರು ಸಲ ಹಾಕಿ ಮೂರು ಸಲ ತೆಗೆಯುವವರೆಗೆ ಕ್ಲಿನಿಕ್ ಬಿಡಬೇಡಿ. ಆಪ್ಟೋಮೆಟ್ರಿಸ್ಟ್, ಅಂದರೆ ಲೆನ್ಸ್ ಕೂರಿಸಿಕೊಡುವ ತಜ್ಞರು, ಎಷ್ಟೇ ಗಡಿಬಿಡಿಯಲ್ಲಿರಲಿ, ಸಂಕೋಚಪಡಬೇಡಿ. ಅವರು ಹಾಕಿ ತೋರಿಸುವುದನ್ನು ಕೇಳಿಕೊಂಡು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಬಲ ಯಾವುದು, ಎಡ ಯಾವುದು ಎಂಬ ಗುರುತು ಏನೆಂದೂ ಕೇಳಿ. ಬಣ್ಣ, ಚುಕ್ಕೆ, ಏನಾದರೊಂದು ಇರುತ್ತದೆ. ಲೆನ್ಸಿನ ಮೇಲೆ ಕೋಟಿಂಗ್ ಇದೆಯೇ ಎಂದೂ ಕೇಳಿ, ಏಕೆಂದರೆ ಇದ್ದರೆ ಕೆಲವು ಕ್ಲೀನರ್‌ಗಳು ಅದನ್ನು ಕಿತ್ತುಹಾಕುತ್ತವೆ.

ಹಂತ 2: ಜಾಗ ಮತ್ತು ಕೈ

ಬಚ್ಚಲಿನ ಸಿಂಕ್ ಮುಂದೆ ನಿಲ್ಲಬೇಡಿ. ಮೇಜಿನ ಮೇಲೆ ತಿಳಿಬಣ್ಣದ ಟವೆಲ್ ಹಾಸಿ, ಕನ್ನಡಿಯನ್ನು ಮಲಗಿಸಿಡಿ. ಫ್ಯಾನ್ ಆರಿಸಿ. ಬಿದ್ದ ಲೆನ್ಸ್ ಟವೆಲ್ ಮೇಲೆ ಸಿಗುತ್ತದೆ, ಸಿಂಕಿನ ತೂತಿನಲ್ಲಿ ಸಿಗುವುದಿಲ್ಲ.

ಸ್ನಾನ ಮೊದಲು, ಲೆನ್ಸ್ ಆಮೇಲೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದಿದ್ದರೆ ಲೆನ್ಸ್ ಹಾಕಿದ ಮೇಲೆ ಹಚ್ಚಿ, ಇಲ್ಲವೇ ರಾತ್ರಿ ತೆಗೆದ ಮೇಲೆ. ಬೆರಳಿನ ಎಣ್ಣೆ ಲೆನ್ಸಿಗೆ ತಾಗಿದರೆ ದಿನವಿಡೀ ಜಿಡ್ಡು ಗಾಜಿನಲ್ಲಿ ನೋಡಿದ ಹಾಗೆ. ಕಾಡಿಗೆಗೂ ಇದೇ ಮಾತು: ಲೆನ್ಸ್ ಹಾಕಿದ ಮೇಲೆ, ಅದೂ ರೆಪ್ಪೆಯ ಒಳಅಂಚಿಗೆ ಬೇಡ. ಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ತೊಳೆದರೂ ನಂಬಿಕೆಗೆ ಯೋಗ್ಯವಲ್ಲ. ಒಗ್ಗರಣೆಯ ಜವಾಬ್ದಾರಿ ನಿಮ್ಮದಾದರೆ ಅದಕ್ಕೂ ಮುಂಚೆ ಲೆನ್ಸ್ ಹಾಕಿಬಿಡಿ. ಉಗುರು ಚಿಕ್ಕದಿರಲಿ. ಸುವಾಸನೆ, ಮಾಯಿಶ್ಚರೈಸರ್ ಇಲ್ಲದ ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿ ಒಣಗಿಸಿ.

ಈ ಒಣಗಿಸುವ ಮಾತಿಗೆ ಕಾರಣವಿದೆ. ನಲ್ಲಿ ನೀರು ಲೆನ್ಸನ್ನಾಗಲಿ ಡಬ್ಬಿಯನ್ನಾಗಲಿ ಮುಟ್ಟಬಾರದು. ಅಕಾಂತಮೀಬಾ ಎಂಬ ಏಕಕೋಶ ಜೀವಿ ನೀರಿನಲ್ಲಿರುತ್ತದೆ. ಅದು ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಔಷಧ, ಕೆಲವೊಮ್ಮೆ ನೋಟಕ್ಕೇ ಕುತ್ತು. ಕಾವೇರಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲವೂ ಸಂಪಿನಲ್ಲಿ ನಿಂತು, ಮೇಲಿನ ಟ್ಯಾಂಕಿನಲ್ಲಿ ನಿಂತು ಬರುವುದೇ. "ನಮ್ಮನೇಲಿ ಆರ್‌ಒ ಇದೆ" ಎಂದು ಬರೆಯುವವರಿಗೆ: ಆರ್‌ಒ ನೀರು ಕುಡಿಯಲು ಸರಿ, ಅದು ಸ್ಟೆರೈಲ್ ಅಲ್ಲ. ಕುದಿಸಿ ಆರಿಸಿದ ನೀರೂ ಬೇಡ.

ಹಂತ 3: ಹಾಕುವುದು

ಪರದಾಟವೆಲ್ಲ ಇಲ್ಲೇ, ಆದ್ದರಿಂದ ನಿಧಾನವಾಗಿ.

ಲೆನ್ಸನ್ನು ದೊಡ್ಡ ಪ್ಲಂಜರ್ ಮೇಲೆ ಬಟ್ಟಲಿನಂತೆ ಕೂರಿಸಿ. ಪ್ಲಂಜರ್ ಬೇಡ ಅನ್ನಿಸಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಮುಕ್ಕಾಲಿಯಂತೆ ಹಿಡಿದು ಅದರ ಮೇಲಿಡಿ. ಸಲೈನ್ ತುಂಬಿ. ಎಷ್ಟು? ಅಂಚಿನವರೆಗೆ ಸಾಲದು. ಚೆಲ್ಲಲು ಇನ್ನೊಂದೇ ಹನಿ ಬಾಕಿ ಎಂಬಂತೆ, ಮೇಲ್ಮೈ ಗೋಪುರದ ಹಾಗೆ ಸ್ವಲ್ಪ ಉಬ್ಬಿ ನಿಲ್ಲಬೇಕು. ತುಂಬುವಾಗ ಗುಳ್ಳೆ ಬಂದರೆ ಚೆಲ್ಲಿ ಮತ್ತೆ ತುಂಬಿ.

ಈಗ ಮುಖವನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ. ಹೊಸಬರು ಗಲ್ಲವನ್ನಷ್ಟೇ ತಗ್ಗಿಸುತ್ತಾರೆ, ಹಣೆ ಇನ್ನೂ ಮೇಲೇ ಇರುತ್ತದೆ. ಮೂಗಿನ ತುದಿ ಕನ್ನಡಿಯತ್ತ ನೇರವಾಗಿ ಇಳಿದಿರಬೇಕು. ತಲೆ ಓರೆಯಾದರೆ ನೀರು ಒಂದು ಕಡೆಯಿಂದ ಸುರಿದು ಅಷ್ಟು ಜಾಗಕ್ಕೆ ಗಾಳಿ ನುಗ್ಗುತ್ತದೆ.

ಬಿಡುವಿರುವ ಕೈಯ ಬೆರಳಿಂದ ಮೇಲಿನ ರೆಪ್ಪೆಯನ್ನು, ಕೂದಲಿನ ಬುಡಕ್ಕೇ ಒತ್ತಿ, ಹುಬ್ಬಿನ ಎಲುಬಿಗೆ ಸೇರಿಸಿ ಹಿಡಿಯಿರಿ. ಕೆಳಗಿನ ರೆಪ್ಪೆಯನ್ನು ಲೆನ್ಸ್ ಹಿಡಿದ ಕೈಯ ಉಂಗುರಬೆರಳಿಂದ ಕೆಳಗೆ ಎಳೆಯಿರಿ. ಎರಡೂ ಕಣ್ಣು ತೆರೆದೇ ಇರಲಿ. ಒಂದನ್ನು ಮುಚ್ಚಿದರೆ ಇನ್ನೊಂದೂ ಅದರ ಹಿಂದೆ ಓಡುತ್ತದೆ. ದೃಷ್ಟಿಯನ್ನು ಪ್ಲಂಜರಿನ ನಡುವಿಗೆ ನೆಟ್ಟು, ಲೆನ್ಸನ್ನು ಮೇಲಕ್ಕೆ ತನ್ನಿ.

ತಣ್ಣನೆಯ ನೀರು ಕಣ್ಣಿಗೆ ತಾಗುತ್ತದೆ. ಎಲ್ಲರೂ ಬೆಚ್ಚಿ ಹಿಂದೆ ಸರಿಯುವುದು ಈ ಗಳಿಗೆಯಲ್ಲೇ. ನೀರು ತಾಗಿತು ಎಂದರೆ ಮುಗಿಯಲಿಲ್ಲ. ಇನ್ನೊಂದೆರಡು ಮಿಲಿಮೀಟರ್ ತಳ್ಳಬೇಕು. ನೀರು ಕೆನ್ನೆಯ ಮೇಲೆ ಇಳಿದು, ಅಂಚು ಪೂರ್ತಿ ಸುತ್ತ ಕೂತಂತೆ ಅನ್ನಿಸಿದ ಮೇಲೆ ಮೊದಲು ಕೆಳರೆಪ್ಪೆ ಬಿಡಿ, ಆಮೇಲೆ ಮೇಲಿನದು. ಪ್ಲಂಜರನ್ನು ಮೆಲ್ಲಗೆ ಕೆಳಗಿಳಿಸಿ.

ಮೂರು ಸಲ ಯತ್ನಿಸಿ ಆಗದಿದ್ದರೆ ಹತ್ತು ನಿಮಿಷ ಬಿಡಿ. ಕೆಂಪಾದ, ಸಿಟ್ಟಾದ ಕಣ್ಣಿಗೆ ನಾಲ್ಕನೇ ಸಲ ಹೋಗುವುದೇ ಇಲ್ಲ. ಮೊದಲ ವಾರದ ಅಭ್ಯಾಸವನ್ನು ಕಚೇರಿಗೆ ಹೊರಡುವ ಅವಸರದಲ್ಲಿ ಇಟ್ಟುಕೊಳ್ಳಬೇಡಿ. ಶನಿವಾರ ಶುರುಮಾಡಿ. ಲೆನ್ಸ್ ಇಲ್ಲದೆ ಬರೀ ಸಲೈನ್ ತುಂಬಿದ ಪ್ಲಂಜರನ್ನು ಕಣ್ಣಿನ ಹತ್ತಿರ ತಂದು ರೆಪ್ಪೆ ಹಿಡಿಯುವ ಅಭ್ಯಾಸ ಮಾಡುವುದೂ ಒಂದು ಉಪಾಯ. ನನಗೆ ಕೈ ಪಳಗಿದ್ದು ಹಾಗೆ.

ಹಂತ 4: ಗುಳ್ಳೆ ಇದೆಯೇ ನೋಡಿ

ಹಾಕಿದ ಕೂಡಲೇ ಕನ್ನಡಿಯಲ್ಲಿ, ಮೊಬೈಲ್ ಟಾರ್ಚ್ ಬೆಳಕನ್ನು ಪಕ್ಕದಿಂದ ಹಾಯಿಸಿ ನೋಡಿ. ಕಣ್ಣಿನ ಮುಂದೆ ದುಂಡನೆಯ, ಬೆಳ್ಳಿಯಂಚಿನ ಗುಳ್ಳೆ ಕಂಡರೆ ಲೆನ್ಸ್ ತೆಗೆದು ಮತ್ತೆ ತುಂಬಿ ಹಾಕಿ. "ಚಿಕ್ಕದು, ತಾನಾಗಿ ಹೋಗತ್ತೆ" ಅಂದುಕೊಳ್ಳಬೇಡಿ. ಹೋಗುವುದಿಲ್ಲ. ಗುಳ್ಳೆ ಇರುವಷ್ಟು ಜಾಗದಲ್ಲಿ ಕಾರ್ನಿಯಾ ಒಣಗಿ ಸಂಜೆಗೆ ಉರಿಯಲು ಶುರುವಾಗುತ್ತದೆ. ದಿನವೂ ಒಂದೇ ಜಾಗದಲ್ಲಿ ಬರುತ್ತಿದ್ದರೆ ಒಂದೋ ನಿಮ್ಮ ತಲೆ ಅತ್ತ ವಾಲುತ್ತಿದೆ, ಇಲ್ಲವೇ ಲೆನ್ಸಿನ ಅಂಚು ಅಲ್ಲಿ ಎದ್ದಿದೆ. ಎರಡನೆಯದು ನಿಮ್ಮ ತಪ್ಪಲ್ಲ. ಕ್ಲಿನಿಕ್ಕಿಗೆ ಹೇಳಿ.

ಹಂತ 5: ಎಷ್ಟು ಹೊತ್ತು

ಮೊದಲ ದಿನ ಸುಮಾರು ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸುತ್ತಾ ಹೋಗುವುದು ವಾಡಿಕೆ. ನಿಮಗೆ ಬರೆದುಕೊಟ್ಟ ಪಟ್ಟಿ ಬೇರೆಯಿದ್ದರೆ ಅದನ್ನೇ ಹಿಡಿಯಿರಿ. ಆರಾಮಾಗಿದೆ ಎಂದು ಮೊದಲ ದಿನವೇ ಹದಿನಾಲ್ಕು ಗಂಟೆ ಹಾಕಬೇಡಿ. ಸ್ಕ್ಲೆರಲ್‌ನ ಆರಾಮವೇ ಅದರ ಮೋಸ: ಕಾರ್ನಿಯಾಕ್ಕೆ ಆಮ್ಲಜನಕ ಸಾಲದಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಲೆನ್ಸ್ ತೆಗೆದ ಮೇಲೆ ದೀಪದ ಸುತ್ತ ಕಾಮನಬಿಲ್ಲಿನಂಥ ಬಣ್ಣದ ಬಳೆ ಕಂಡರೆ ಕಾರ್ನಿಯಾ ಊದಿಕೊಂಡಿದೆ ಎಂದೇ ತಿಳಿದು ಕೂಡಲೇ ತೋರಿಸಿ.

ಹಾಕಿಕೊಂಡು ಮಲಗುವಂತಿಲ್ಲ. ಮಧ್ಯಾಹ್ನದ ಅರ್ಧ ಗಂಟೆಯ ಜೊಂಪು, ರಾತ್ರಿ ಬಸ್ಸಿನ ಊರ ಪ್ರಯಾಣ, ಎರಡಕ್ಕೂ ಇದೇ ನಿಯಮ. ಬಸ್ ಹತ್ತುವ ಮುಂಚೆ ಮನೆಯಲ್ಲೇ ತೆಗೆದುಬಿಡಿ.

ಹಂತ 6: ತೆಗೆಯುವುದು

ಚಿಕ್ಕ ಪ್ಲಂಜರನ್ನು ಸಲೈನಿನಿಂದ ಒದ್ದೆ ಮಾಡಿ. ಅದನ್ನು ಲೆನ್ಸಿನ ನಡುವಿಗೆ ಅಂಟಿಸಿ ಎಳೆಯಬೇಡಿ. ನಡುವಿನಿಂದ ಎಳೆದರೆ ಒಳಗಿನ ಹಿಡಿತ ಇನ್ನೂ ಬಿಗಿಯಾಗಿ ಕಣ್ಣೇ ಕಿತ್ತುಬಂದಂತೆ ಆಗುತ್ತದೆ, ಗಾಬರಿಯಲ್ಲಿ ಇನ್ನಷ್ಟು ಎಳೆಯುತ್ತೀರಿ. ಅಂಚಿನ ಹತ್ತಿರ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಅಂಟಿಸಿ, ಹೊರಕ್ಕೂ ಮೇಲಕ್ಕೂ ಮಗುಚಿದಂತೆ ಎತ್ತಿ. ಡಬ್ಬಿಯ ಮುಚ್ಚಳ ಎಬ್ಬಿಸುವ ಹಾಗೆ. ಒಂದಿಷ್ಟು ಗಾಳಿ ಒಳಹೊಕ್ಕರೆ ಸಾಕು, ತಾನೇ ಬರುತ್ತದೆ.

ಬರಲಿಲ್ಲವೇ? ಕಣ್ಣೀರು ಹನಿ ಎರಡು ಸಲ ಹಾಕಿ, ಹತ್ತು ನಿಮಿಷ ಬಿಟ್ಟು, ಲೆನ್ಸಿನ ಅಂಚಿನ ಪಕ್ಕದ ಬಿಳಿಭಾಗವನ್ನು ರೆಪ್ಪೆಯ ಮೇಲಿಂದ ಮೆಲ್ಲಗೆ ಒತ್ತಿ ಮತ್ತೆ ಯತ್ನಿಸಿ. ಪ್ಲಂಜರ್ ಒತ್ತುವ ಮುಂಚೆ ಕಣ್ಣಲ್ಲಿ ಲೆನ್ಸ್ ಇದೆ ಎಂದು ಖಚಿತಪಡಿಸಿಕೊಳ್ಳಿ. ಬಿದ್ದುಹೋದ ಲೆನ್ಸಿನ ಜಾಗದಲ್ಲಿ ಬರೀ ಕಾರ್ನಿಯಾಕ್ಕೆ ಪ್ಲಂಜರ್ ಅಂಟಿಸಿ ಗಾಯ ಮಾಡಿಕೊಂಡವರಿದ್ದಾರೆ.

ತೆಗೆದ ಮೇಲೆ ಬಿಳಿಭಾಗದಲ್ಲಿ ತೆಳುವಾದ ಅಚ್ಚು ಕಾಣುವುದು ಸಾಮಾನ್ಯ. ಆಳವಾದ ಗೀರು, ಸುತ್ತ ಕೆಂಪು, ಗಂಟೆಗಟ್ಟಲೆ ಹೋಗದಿದ್ದರೆ ಲೆನ್ಸ್ ಬಿಗಿಯಾಗಿದೆ.

ಹಂತ 7: ತೊಳೆದಿಡುವುದು

ಅಂಗೈಯಲ್ಲಿಟ್ಟು ಕ್ಲೀನರ್ ಹಾಕಿ ಒಳಗೂ ಹೊರಗೂ ಬೆರಳ ತುದಿಯಿಂದ ತಿಕ್ಕಿ, ಸಲೈನಿನಿಂದ ತೊಳೆದು, ಹೊಸ ದ್ರಾವಣದಲ್ಲಿ ಮುಳುಗಿಸಿಡಿ. ನಿನ್ನೆಯ ದ್ರಾವಣದ ಮೇಲೆ ಇವತ್ತಿನದು ಸುರಿದು ಭರ್ತಿ ಮಾಡುವುದು ಬೇಡ. ಬರೀ ಸಲೈನಿನಲ್ಲಿ ನೆನೆಸಿಡುವುದೂ ಬೇಡ, ಅದು ರೋಗಾಣು ಕೊಲ್ಲುವುದಿಲ್ಲ. ಪೆರಾಕ್ಸೈಡ್ ಬಳಸುವವರು ಅದರ ಜೊತೆ ಬರುವ ಡಬ್ಬಿಯನ್ನೇ ಬಳಸಬೇಕು. ಪೆರಾಕ್ಸೈಡನ್ನು ನೀರಾಗಿಸುವ ಚಕ್ರ ಇರುವುದು ಅದರಲ್ಲಿ, ಅದಕ್ಕೆ ಕನಿಷ್ಠ ಆರು ಗಂಟೆ ಬೇಕು. ನಡುವೆ ತೆಗೆದು ಕಣ್ಣಿಗೆ ಹಾಕಿಕೊಂಡರೆ ಆ ಉರಿ ಜನ್ಮದಲ್ಲಿ ಮರೆಯುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಲೆನ್ಸ್ ಆ ಡಬ್ಬಿಯ ಬುಟ್ಟಿಯಲ್ಲಿ ಹಿಡಿಯುತ್ತದೆಯೇ ನೋಡಿ. ದೊಡ್ಡ ಲೆನ್ಸ್ ಕೆಲವದರಲ್ಲಿ ಹಿಡಿಯುವುದಿಲ್ಲ, ಒತ್ತಿ ಮುಚ್ಚಿದರೆ ಸೀಳುತ್ತದೆ. ಪ್ಲಂಜರನ್ನೂ ದಿನಾ ಒರೆಸಿ ಒಣಗಿಸಿ, ಕೆಲವು ತಿಂಗಳಿಗೊಮ್ಮೆ ಬದಲಿಸಿ.

ಮಧ್ಯಾಹ್ನದ ಮಂಜು

ಇದಕ್ಕೆ ಎರಡು ಮೂಲ, ಎರಡಕ್ಕೂ ಬೇರೆ ಮದ್ದು. ಕಣ್ಣೀರು ಹನಿ ಹಾಕಿ ನಾಲ್ಕು ಸಲ ರೆಪ್ಪೆ ಬಡಿಯಿರಿ. ತಿಳಿಯಾದರೆ ಮಂಜು ಲೆನ್ಸಿನ ಹೊರಮೈ ಮೇಲಿದೆ, ಅಂದರೆ ಜಿಡ್ಡು ಅಥವಾ ಒಣಗಿದ ಕಲೆ. ಸಲೈನಿನಲ್ಲಿ ಒದ್ದೆ ಮಾಡಿದ ಪ್ಲಂಜರಿನ ಅಂಚಿನಿಂದ ಲೆನ್ಸಿನ ಹೊರಮೈಯನ್ನು ಕಣ್ಣಲ್ಲಿರುವಾಗಲೇ ಮೆಲ್ಲಗೆ ಒರೆಸಬಹುದು. ಕ್ಲಿನಿಕ್ಕಿನಲ್ಲಿ ಒಮ್ಮೆ ತೋರಿಸಿಕೊಂಡು ಮಾಡಿ.

ಹನಿಗೂ ಬಗ್ಗದಿದ್ದರೆ ಮಂಜು ಒಳಗಿದೆ. ಕಣ್ಣಿನ ಲೋಳೆ, ಕೊಬ್ಬು ಅಂಚಿನಡಿಯಿಂದ ನುಸುಳಿ ಸಲೈನಿನಲ್ಲಿ ಸೇರಿ ಅದು ಹಾಲು ಬೆರೆತ ನೀರಾಗಿದೆ. ತೆಗೆದು, ತೊಳೆದು, ಹೊಸ ಸಲೈನ್ ತುಂಬಿ ಹಾಕುವುದೊಂದೇ ದಾರಿ. ದಿನಕ್ಕೆ ಒಮ್ಮೆ ಹೀಗೆ ಮಾಡುವವರು ಬಹಳ ಜನ, ಅದರಲ್ಲಿ ಸೋಲೇನೂ ಇಲ್ಲ. ಎರಡು ಮೂರು ಸಲ ಬೇಕಾದರೆ ಮಾತ್ರ ಕಾರಣ ಹುಡುಕಬೇಕು: ಲೆನ್ಸ್ ಕಾರ್ನಿಯಾದಿಂದ ತೀರಾ ಎತ್ತರದಲ್ಲಿ ನಿಂತಿರಬಹುದು, ಅಂಚು ಸಡಿಲವಿರಬಹುದು, ಅಲರ್ಜಿ ಕೆರಳಿರಬಹುದು, ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಕಟ್ಟಿಕೊಂಡಿರಬಹುದು. ಕಡೆಯದಕ್ಕೆ ರಾತ್ರಿ ಬಿಸಿ ಬಟ್ಟೆಯ ಶಾಖ ಕೊಡುವುದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಲೆನ್ಸ್ ತೆಗೆದ ಮೇಲೆ, ಕಣ್ಣುಗುಡ್ಡೆಯನ್ನು ಒತ್ತದೆ. ಕ್ಲಿನಿಕ್ಕಿಗೆ "ಮಂಜಾಗತ್ತೆ" ಎಂದಷ್ಟೇ ಹೇಳಬೇಡಿ. ಹಾಕಿ ಎಷ್ಟು ಗಂಟೆಗೆ ಶುರು, ಹನಿಗೆ ಹೋಗುತ್ತದೋ ಇಲ್ಲವೋ, ಯಾವ ಕಣ್ಣು, ಇಷ್ಟನ್ನು ಒಂದು ವಾರ ಬರೆದಿಟ್ಟು ತೋರಿಸಿ. ಸರಿಯಾದ ಬದಲಾವಣೆ ಆ ಚೀಟಿಯಿಂದಲೇ ಹೊರಡುತ್ತದೆ.

ಬೆಂಗಳೂರಿನಲ್ಲಿ ಓಡಾಟ

ಬೈಕ್, ಸ್ಕೂಟರ್ ಓಡಿಸುವವರು ಹೆಲ್ಮೆಟ್ಟಿನ ಗಾಜು ಇಳಿಸಿಯೇ ಓಡಿಸಿ. ಸ್ಕ್ಲೆರಲ್ ಒಳಗೆ ಧೂಳು ಸುಲಭಕ್ಕೆ ಹೋಗದು, ಆರ್‌ಜಿಪಿ ಅಡಿಗೆ ಒಂದು ಕಣ ಹೋದರೂ ಔಟರ್ ರಿಂಗ್ ರೋಡಿನ ನಟ್ಟನಡುವೆ ಕಣ್ಣು ಬಿಡಲಾಗುವುದಿಲ್ಲ. ಆಗ ಉಜ್ಜದೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹನಿ ಹಾಕಿ. ಹೊಸ ಲೆನ್ಸಿನಲ್ಲಿ ಮೊದಲ ವಾರ ಗಾಡಿ ಓಡಿಸದಿದ್ದರೆ ಒಳ್ಳೆಯದು. ದೂರದ ಅಂದಾಜು ಬದಲಾಗಿರುತ್ತದೆ, ಮೆಟ್ಟಿಲೂ ಕೆಲವರಿಗೆ ಹತ್ತಿರ ಬಂದಂತೆ ಕಾಣುತ್ತದೆ. ಕಚೇರಿಯಲ್ಲಿ ಎಸಿ ಗಾಳಿ ನೇರ ಮುಖಕ್ಕೆ ಬಡಿಯುವ ಜಾಗ ಬಿಡಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಲೆನ್ಸ್ ಒಣಗುತ್ತದೆ. ಈಜು, ಹೋಳಿಯ ಬಣ್ಣ, ನರಕ ಚತುರ್ದಶಿಯ ಎಣ್ಣೆಸ್ನಾನ, ಈ ಮೂರಕ್ಕೂ ಲೆನ್ಸ್ ಹೊರಗೆ.

ಈರುಳ್ಳಿ ಹೆಚ್ಚುವಾಗ ಮಾತ್ರ ಮನೆಯಲ್ಲಿ ನಿಮ್ಮಷ್ಟು ಸುಖಿ ಇನ್ನೊಬ್ಬರಿಲ್ಲ.

ಯಾವಾಗ ಓಡಬೇಕು

ಲೆನ್ಸ್ ತೆಗೆದ ಮೇಲೂ ಹೋಗದ ಕೆಂಪು, ನೋವು, ಬೆಳಕು ನೋಡಲಾಗದಿರುವುದು, ಕೀವು, ನೋಟ ಕುಗ್ಗುವುದು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರ ಹತ್ತಿರ ಹೋಗಿ, ಲೆನ್ಸ್ ಮತ್ತು ಡಬ್ಬಿಯನ್ನೂ ಕೊಂಡೊಯ್ಯಿರಿ, ಸೋಂಕಿನ ಪರೀಕ್ಷೆಗೆ ಬೇಕಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟಿರಾಯ್ಡ್ ಹನಿ ಹಾಕಿಕೊಳ್ಳುವುದು ಅತಿ ದೊಡ್ಡ ತಪ್ಪು. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗಿ, ನೋವಿನ ಜೊತೆ ಕಪ್ಪುಗುಡ್ಡೆಯ ಮೇಲೆ ಬಿಳುಪು ಕಂಡರೆ ಅದು ಹೈಡ್ರಾಪ್ಸ್ ಇರಬಹುದು. ಕಾರ್ನಿಯಾದ ಒಳಪದರ ಬಿರಿದು ಕಣ್ಣೊಳಗಿನ ನೀರು ಅದರೊಳಗೆ ನುಗ್ಗಿರುತ್ತದೆ. ಅದೂ ತುರ್ತೇ.

"ಕಾರ್ನಿಯಾ ಕಸಿ ಮಾಡಿಸಿಬಿಟ್ಟರೆ ಲೆನ್ಸಿನ ಕಾಟವೇ ಇರಲ್ಲವಲ್ಲ?" ಎಂದು ಕೇಳುವವರಿದ್ದಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದಾಗ ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ನೋಟ ಕೊಟ್ಟದ್ದು ನೆನಪಿರಬಹುದು. ಕೆರಟೋಕೋನಸ್‌ಗೂ ಮುಂಪದರವನ್ನಷ್ಟೇ ಬದಲಿಸುವ ಕಸಿ ಇದೆ. ಆದರೆ ಕಸಿಯಾದ ಮೇಲೂ ಮೇಲ್ಮೈ ಡೊಂಕಾಗಿಯೇ ಉಳಿದು ಗಟ್ಟಿ ಲೆನ್ಸಿಗೇ ಮರಳುವವರು ಸಾಕಷ್ಟು. ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತಿರುವವರೆಗೆ ಕಸಿಯ ಅವಸರ ಏಕೆ ಎಂಬುದು ನನ್ನ ಲೆಕ್ಕ.

ಹಂತ 8: ಮರುಭೇಟಿ

ಮೊದಲ ಮರುಭೇಟಿಗೆ ಲೆನ್ಸ್ ಹಾಕಿ ಕೆಲವು ಗಂಟೆಯಾದರೂ ಆಗಿರುವಂತೆ ಹೋಗಿ. ಆಸ್ಪತ್ರೆಯ ಬಾಗಿಲಲ್ಲಿ ಹಾಕಿಕೊಂಡರೆ ಇಳಿದು ಕೂತ ಲೆನ್ಸ್ ಹೇಗಿದೆ ಎಂದು ಅವರಿಗೆ ಕಾಣುವುದಿಲ್ಲ. ಒಂದೆರಡು ಸಲ ಲೆನ್ಸ್ ಬದಲಿಸಿ ಮಾಡಿಸಬೇಕಾಗಿ ಬಂದರೆ ಗಾಬರಿ ಬೇಡ, ಅದು ಮಾಮೂಲು. ಆಮೇಲೆ ಟೋಪೋಗ್ರಫಿಗೆ ಕರೆದಾಗ ಇದಕ್ಕೆ ಉಲ್ಟಾ: ಎಷ್ಟು ದಿನ ಮುಂಚಿನಿಂದ ಲೆನ್ಸ್ ಬಿಟ್ಟಿರಬೇಕೆಂದು ಫೋನಿನಲ್ಲೇ ಕೇಳಿಕೊಳ್ಳಿ. ಆರ್‌ಜಿಪಿಯವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಅದು ಕಾರ್ನಿಯಾವನ್ನು ಒತ್ತಿ ಆಕಾರ ಬದಲಿಸಿರುತ್ತದೆ. ಆ ದಿನಗಳಿಗೆ ಮೊದಲೇ ರಜೆ ಅಥವಾ ಮನೆಯಿಂದ ಕೆಲಸ ಹೇಳಿಟ್ಟುಕೊಳ್ಳಿ, ಕನ್ನಡಕ ಎಲ್ಲಿದೆ ಹುಡುಕಿಡಿ, ಆಸ್ಪತ್ರೆಗೆ ಹೋಗುವಾಗ ಗಾಡಿಯ ಕೀಲಿ ಮನೆಯಲ್ಲೇ ಬಿಟ್ಟು ಮೆಟ್ರೋ ಹತ್ತಿ.